ಮನೆ ರೆಡಿ ಇದೆ ಮೇಡಮ್, ಓಸಿಗೆ ಅಪ್ಲೈ ಮಾಡಿದ್ದೀವಿ

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ಹುಡುಕಲು ಹೊರಟರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕಟ್ಟಡಕ್ಕೆ ಬಣ್ಣ ಬಳಿದಾಗಿರುತ್ತದೆ, ಲಿಫ್ಟ್ ಓಡುತ್ತಿರುತ್ತದೆ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಯಾರದೋ ಮಗುವಿನ ಬಟ್ಟೆ ಒಣಗುತ್ತಿರುತ್ತದೆ. "ನೋಡಿ ಮೇಡಮ್, ಎಷ್ಟು ಫ್ಯಾಮಿಲಿ ಆಗ್ಲೇ ಬಂದ್ಬಿಟ್ಟಿದ್ದಾರೆ." ಓಸಿ ತೋರಿಸಿ ಅಂದರೆ ಮಾತ್ರ ಸೇಲ್ಸ್ ಹುಡುಗ ನೀರಿನ ಬಾಟಲಿ ಮುಂದಿಡುತ್ತಾನೆ.

ಕಟ್ಟಡ ಮಂಜೂರಾದ ನಕ್ಷೆಯ ಪ್ರಕಾರವೇ ಎದ್ದಿದೆ, ಇದರಲ್ಲಿ ಜನ ವಾಸ ಮಾಡಬಹುದು ಎಂದು ಪಾಲಿಕೆಯೋ ಬಿಡಿಎಯೋ ಕೊಡುವ ಕಾಗದವೇ ಓಸಿ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್. ನಾಲ್ಕು ಮಹಡಿಗೆ ಒಪ್ಪಿಗೆ ತಗೊಂಡು ಐದು ಕಟ್ಟಿದ್ದರೆ, ಸುತ್ತ ಬಿಡಬೇಕಾದ ಜಾಗವನ್ನು ನುಂಗಿದ್ದರೆ, ಅದು ಸುಲಭಕ್ಕೆ ಸಿಗುವುದಿಲ್ಲ. ಸಿಗದಿದ್ದರೂ ಮಾರಾಟ, ಗೃಹಪ್ರವೇಶ ಎಲ್ಲ ಆರಾಮಾಗಿ ನಡೆಯುತ್ತಿದ್ದ ಊರು ಇದು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಓಸಿ ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು, ಓಸಿ ಇದ್ದರೆ ಮಾತ್ರ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. ಆಮೇಲೆ ಮನೆಯಲ್ಲಿದ್ದೂ ಕಾಯಂ ಮೀಟರ್ ಸಿಗದೆ ಒದ್ದಾಡುವವರು ನಮ್ಮ ನೆಂಟರಲ್ಲೇ ಕಾಣಿಸಿಕೊಂಡರು. ಹಾಗಾಗಿ ನಾವು ಹುಡುಕಲು ಶುರು ಮಾಡುವಾಗಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆವು: ಮೊದಲು ಓಸಿ ನೋಡೋಣ, ಆಮೇಲೆ ಅಡುಗೆಮನೆ.

ಇದು ಕೇಳಲು ಸುಲಭ. ಆದರೆ ಹಾಗೆ ಹೊರಟರೆ ನೋಡಬಹುದಾದ ಮನೆಗಳು ಅರ್ಧಕ್ಕರ್ಧ ಕಡಿಮೆ ಆಗುತ್ತವೆ. ಉಳಿದವುಗಳ ಬೆಲೆಯೂ ಜಾಸ್ತಿ.

ನಾವು ಹನುಮಂತನಗರದಲ್ಲಿ ಬಾಡಿಗೆಗಿದ್ದವರು. ನಾನು ಜಯನಗರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ, ನಮ್ಮವರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಜೊತೆಗೆ ಅತ್ತೆ, ಒಬ್ಬಳು ಮಗಳು. ಬಸವನಗುಡಿ ಕಡೆ ಕೊಳ್ಳುವ ಆಸೆಯನ್ನು ಅತ್ತೆ ಕೂಡ ಬಿಟ್ಟಾಗಿತ್ತು. ಕನಕಪುರ ರಸ್ತೆ ನಮಗೆ ಸರಿ ಅನ್ನಿಸಿದ್ದು ಮೆಟ್ರೋ ದೆಸೆಯಿಂದ. 2021ರ ಜನವರಿಯಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದೆ ಹೋಯಿತು. ತಲಘಟ್ಟಪುರದಲ್ಲಿ ಹತ್ತಿದರೆ ಜಯನಗರದಲ್ಲಿ ಇಳಿಯಬಹುದು, ರೈಲು ಬದಲಿಸುವ ಗೋಜಿಲ್ಲ.

ಕಟ್ಟುತ್ತಿರುವುದನ್ನು ಕೊಂಡರೆ ಅಗ್ಗ ಅಲ್ವಾ ಎಂದು ಎಲ್ಲರೂ ಕೇಳಿದರು. ಚದರಡಿ ಲೆಕ್ಕದಲ್ಲಿ ಅಗ್ಗ, ಹೌದು. ಆದರೆ ಅದಕ್ಕೆ 5% ಜಿಎಸ್‌ಟಿ ಇದೆ. ಕಟ್ಟಡ ಮುಗಿದು ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ನಾವು ಕೊನೆಗೆ ಕೊಂಡ ಬೆಲೆಗೆ ಅದೇ 4.9 ಲಕ್ಷ ಆಗುತ್ತಿತ್ತು. ಮೇಲಾಗಿ ಮನೆ ಏಳುವ ತನಕ ಬಾಡಿಗೆಯನ್ನೂ ಬಡ್ಡಿಯನ್ನೂ ಒಟ್ಟಿಗೆ ಕಟ್ಟಬೇಕು. ನಮ್ಮ ಆಫೀಸಿನವರೊಬ್ಬರು ಹಾಗೆ ಕಟ್ಟುತ್ತಲೇ ಇದ್ದಾರೆ. ಅವರ ಮಗಳು ನರ್ಸರಿಯಿಂದ ಮೂರನೇ ಕ್ಲಾಸಿಗೆ ಬಂದಳು, ಲಿಫ್ಟ್ ಇನ್ನೂ ಬಂದಿಲ್ಲ.

ಮೊದಲು ಮನಸ್ಸಿಗೆ ಹಿಡಿಸಿದ ಕಟ್ಟಡದ ಬಗ್ಗೆ ಹೇಳಲೇಬೇಕು. ಮೂಲೆ ಮನೆ, ಪೂರ್ವಕ್ಕೆ ಬಾಗಿಲು. ಅತ್ತೆ ಒಳಗೆ ಕಾಲಿಟ್ಟವರೇ ದೇವರ ಮನೆಗೆ ಯಾವ ಗೋಡೆ ಎಂದು ಲೆಕ್ಕ ಹಾಕಿದರು. ಓಸಿ ಕೇಳಿದ್ದಕ್ಕೆ ಅದೇ ಉತ್ತರ: "ಅಪ್ಲೈ ಮಾಡಿದ್ದೀವಿ ಮೇಡಮ್, ಈ ತಿಂಗಳಲ್ಲಿ ಬರುತ್ತೆ." ಆಗ ನಮ್ಮವರು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಿ ಬಂದರು. ಅಷ್ಟು ಮನೆಗೆ ಸಾಲಾಗಿ ಪೆಟ್ಟಿಗೆಗಳಿವೆ, ಒಳಗೆ ಮೀಟರ್ ಇಲ್ಲ. ಇಡೀ ಕಟ್ಟಡ ನಡೆಯುತ್ತಿದ್ದದ್ದು ಕಟ್ಟುವಾಗ ತಗೊಂಡಿದ್ದ ತಾತ್ಕಾಲಿಕ ಸಂಪರ್ಕದಲ್ಲಿ. ಅಲ್ಲಿದ್ದ ಒಬ್ಬ ಹೆಂಗಸು, "ಗೀಸರ್ ಹಾಕಿದ್ರೆ ಮಿಕ್ಸಿ ಹಾಕೋ ಹಾಗಿಲ್ಲ ಕಣ್ರೀ, ಯೂನಿಟ್‌ಗೆ ಅವ್ರು ಹೇಳಿದ್ದೇ ರೇಟು" ಎಂದರು. ಸೇಲ್ಸ್ ಹುಡುಗ ಫೋನ್ ಬಂತು ಅಂತ ಆಚೆ ಹೋದ. ನೀವೂ ಹೋದ ಕಡೆ ಮೀಟರ್ ಬೋರ್ಡ್ ನೋಡಿ. ಬ್ರೋಷರ್‌ಗಿಂತ ಜಾಸ್ತಿ ವಿಷಯ ಅದರಲ್ಲೇ ಇರುತ್ತದೆ.

ಎರಡನೆಯದಕ್ಕೆ ಓಸಿ ಇತ್ತು. ನೀರಿನ ವಿಷಯದಲ್ಲಿ ನಾವು ಹಿಂದೆ ಸರಿದೆವು. "ಕಾವೇರಿ ಕನೆಕ್ಷನ್ ಇದೆ" ಎಂದರು. 2024ರ ಬೇಸಿಗೆಯ ನೀರಿನ ಬರ ಕಂಡವರು ಯಾರೂ ಈ ಮಾತನ್ನು ಸುಮ್ನೆ ನಂಬುವುದಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ ಶುರುವಾಯಿತು, ನಿಜ. ಆದರೆ ಆ ನೀರಿನ ಸಂಪರ್ಕ ಈ ಗೇಟಿನೊಳಗೆ ಬಂದಿದೆಯೇ ಎಂಬುದು ಬೇರೆ ಪ್ರಶ್ನೆ. ಗೇಟಿನ ಮುಂದೆ ಟ್ಯಾಂಕರ್ ನಿಂತಿತ್ತು. ಡ್ರೈವರ್‌ನನ್ನು ಮಾತಾಡಿಸಿದೆ. "ದಿನಾ ಎಷ್ಟು ಲೋಡ್ ಹಾಕ್ತೀರಾ ಅಣ್ಣ?" "ವೀಕೆಂಡ್ ಆದ್ರೆ ನಾಲ್ಕು ಅಕ್ಕ, ಇಲ್ಲಾಂದ್ರೆ ಮೂರು." ನಾವು ಒಳಗೇ ಹೋಗಲಿಲ್ಲ.

ಮೂರನೆಯದಕ್ಕೆ ಓಸಿಯೂ ಇತ್ತು, ನೀರೂ ಇತ್ತು. ಅದನ್ನು ತೆಗೆದುಹಾಕಿದ್ದು ನಮ್ಮ ವಕೀಲರು. ಗಾಂಧಿಬಜಾರ್ ಹತ್ತಿರ ಅವರ ಆಫೀಸು. ವಯಸ್ಸಾದವರು, ಕಂಪ್ಯೂಟರ್ ಇದ್ದರೂ ಕಾಗದಗಳ ಮೇಲೆ ಪೆನ್ಸಿಲ್‌ನಲ್ಲೇ ಗುರುತು ಹಾಕುತ್ತಾರೆ. ಜಮೀನಿನ ಮೂಲಪತ್ರ, ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು), 30 ವರ್ಷದ ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟಗಳ ವಿವರ), ಜಮೀನಿನವರಿಗೂ ಬಿಲ್ಡರ್‌ಗೂ ಆದ ಜೆಡಿಎ (ಜಂಟಿ ಅಭಿವೃದ್ಧಿ ಕರಾರು), ಮಂಜೂರಾದ ನಕ್ಷೆ, ಓಸಿ. ಎಲ್ಲ ತಂದುಕೊಟ್ಟೆವು. ಜೊತೆಗೆ ಜಮೀನಿನವರ ವಂಶವೃಕ್ಷ ಬೇಕು ಎಂದರು. ಬಿಲ್ಡರ್ ಆಫೀಸಿನವರು "ಅದೆಲ್ಲ ಯಾಕೆ, ಬ್ಯಾಂಕ್ ಅಪ್ರೂವ್ ಮಾಡಿದೆಯಲ್ಲ" ಎಂದು ಗೊಣಗಿದರೂ ಕೊಟ್ಟರು.

ಎರಡು ದಿನ ಬಿಟ್ಟು ವಕೀಲರು ಕರೆದರು. ವಂಶವೃಕ್ಷದ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. "ಈ ಯಜಮಾನರಿಗೆ ಮೂರು ಗಂಡು, ಎರಡು ಹೆಣ್ಣು. 2011ರ ವಿಭಾಗಪತ್ರದಲ್ಲಿ ಗಂಡುಮಕ್ಕಳ ಸಹಿ ಮಾತ್ರ ಇದೆಯಮ್ಮ. ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ ಎಲ್ಲಿ?" 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅವರಲ್ಲೊಬ್ಬರು ನಾಳೆ ಕೋರ್ಟಿಗೆ ಹೋದರೆ ಇಡೀ ಅಪಾರ್ಟ್‌ಮೆಂಟ್ ಪ್ರತಿವಾದಿ. "ಬ್ಯಾಂಕ್‌ನೋರು ಒಪ್ಪಿದ್ದಾರಲ್ಲ ಸಾರ್?" ಎಂದರು ನಮ್ಮವರು. "ಬ್ಯಾಂಕಿನ ವಕೀಲ ಬ್ಯಾಂಕಿನ ದುಡ್ಡು ನೋಡ್ಕೋತಾನೆ. ಮನೆ ಹೋದ್ರೂ ನೀವು ಕಂತು ಕಟ್ಟಲೇಬೇಕಲ್ಲ, ಅವರಿಗೇನು?" ಎಂದು ಫೈಲ್ ಮುಚ್ಚಿದರು.

ಅವರೇ ಹೇಳಿಕೊಟ್ಟ ಇನ್ನೊಂದು ಉಪಾಯವಿದೆ. ಸರ್ಕಾರದ ಭೂಮಾಪನ ಇಲಾಖೆಯದ್ದು 'ದಿಶಾಂಕ್' ಅಂತ ಒಂದು ಆ್ಯಪ್. ಜಾಗದಲ್ಲಿ ನಿಂತು ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ಹೇಳುತ್ತದೆ, ಹತ್ತಿರದಲ್ಲಿ ಕೆರೆ, ಕಾಲುವೆ ಇದ್ದರೆ ತೋರಿಸುತ್ತದೆ. ಕಾಗದದಲ್ಲಿರುವ ಸರ್ವೆ ನಂಬರೂ ಇದೂ ಒಂದೇನಾ, ಮಳೆನೀರು ಹರಿಯುವ ರಾಜಕಾಲುವೆ ಎಷ್ಟು ದೂರ ಎಂದು ಅಲ್ಲೇ ಗೊತ್ತಾಗುತ್ತದೆ. ಆ ಮೇಲೆ ನಮ್ಮವರು ಯಾರ ಮನೆಗೆ ಊಟಕ್ಕೆ ಹೋದರೂ ಅದನ್ನು ತೆರೆಯಲು ಶುರು ಮಾಡಿದರು. ಒಬ್ಬ ನೆಂಟರು ಇದರಿಂದ ಬೇಜಾರು ಮಾಡಿಕೊಂಡಿದ್ದೂ ಆಯಿತು.

ಕೊನೆಗೆ ಕೊಂಡ ಮನೆ ತಲಘಟ್ಟಪುರ ಮೆಟ್ರೋದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಓಸಿ ಬಂದಿತ್ತು, ವಕೀಲರ ಪೆನ್ಸಿಲ್‌ಗೆ ಕೆಲಸ ಸಿಗಲಿಲ್ಲ. ಬಿಲ್ಡರ್‌ಗಳ ಮೇಲೆ ನಿಗಾ ಇಡುವ ಪ್ರಾಧಿಕಾರವಾದ ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ನೋಂದಣಿ ನಂಬರ್ ಹಾಕಿ ನೋಡಿದೆವು. ನಕ್ಷೆ, ಮುಗಿಸುತ್ತೇವೆಂದು ಹೇಳಿದ್ದ ತಾರೀಖು, ಎಲ್ಲ ಅಲ್ಲೇ ಇದೆ. ತಡವಾಗಿತ್ತು, ಆದರೆ ಮುಗಿದಿತ್ತು.

ಅಳತೆಯ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಬ್ರೋಷರ್‌ನಲ್ಲಿ 1,180 ಚದರಡಿ. ಅದು ಸೂಪರ್ ಬಿಲ್ಟ್ ಅಪ್. ಅದರಲ್ಲಿ ಲಿಫ್ಟ್, ಮೆಟ್ಟಿಲು, ಲಾಬಿ ಎಲ್ಲದರ ಪಾಲೂ ಸೇರಿದೆ. ರೇರಾ ಪ್ರಕಾರದ ಕಾರ್ಪೆಟ್ ಏರಿಯಾ 792. ಒಳಗಿನ ಗೋಡೆಗಳು ಇದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ನಾವು ಟೇಪ್ ಹಿಡಿದು ಅಳೆದೆವು, ಸರಿಯಾಗೇ ಇತ್ತು. ಎಲ್ಲ ಸೇರಿ 98 ಲಕ್ಷಕ್ಕೆ ಮಾತಾಯಿತು. ಕಾರ್ಪೆಟ್ ಲೆಕ್ಕ ಹಾಕಿದರೆ ಚದರಡಿಗೆ 12,300 ದಾಟುತ್ತದೆ. ಸೇಲ್ಸ್ ಆಫೀಸಿನಲ್ಲಿ ಈ ಲೆಕ್ಕ ಹಾಕಬೇಡಿ, ಅಲ್ಲಿ ಎಸಿ ಹಾಕಿರುತ್ತಾರೆ, ಆದರೂ ಬೆವರು ಬರುತ್ತದೆ.

ಚೌಕಾಸಿ ಮಾಡಿದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರೂ ಮನೆ ಬುಕ್ ಮಾಡಲ್ಲ, ಸೇಲ್ಸ್ ಆಫೀಸ್ ಖಾಲಿ ಹೊಡೆಯುತ್ತಿರುತ್ತದೆ, ಆಗ ಮಾತಾಡಿದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಅತ್ತೆಗೆ ಇದು ಒಪ್ಪಿಗೆ ಇರಲಿಲ್ಲ. "ಮಾತಾಡೋದು ಆಷಾಢದಲ್ಲಿ, ಚೆಕ್ ಕೊಡೋದು ಶ್ರಾವಣದಲ್ಲಿ" ಅಂತ ರಾಜಿ ಮಾಡಿಕೊಂಡೆವು. ವರಮಹಾಲಕ್ಷ್ಮಿ ಹಬ್ಬದ ದಿನ ಟೋಕನ್ ಕೊಟ್ಟೆವು. ಅವರು ಆಗಲೇ 20% ಕೇಳಿದರು. ನೋಂದಾಯಿತ ಕರಾರು ಪತ್ರ ಆಗುವ ಮುಂಚೆ 10%ಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ ಎಂದು ರೇರಾ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಅದನ್ನು ಹೇಳಿದ ಕೂಡಲೇ "ಸರಿ ಮೇಡಮ್, ನಿಮಗೋಸ್ಕರ ಅಡ್ಜಸ್ಟ್ ಮಾಡ್ತೀವಿ" ಎಂದರು. ನಮಗೋಸ್ಕರವಂತೆ!

ನೋಂದಣಿಗೆ ಮೊದಲು ಮನೆ ಪರೀಕ್ಷೆ ಮಾಡಲು ದೊಡ್ಡಪ್ಪ ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ರಿಟೈರ್ ಆದವರು. ಕೈಯಲ್ಲಿ ಒಂದು ಬಕೆಟ್, ಟಾರ್ಚ್, ಐದು ರೂಪಾಯಿ ನಾಣ್ಯ, ಜೇಬಿನಲ್ಲಿ ಗೋಲಿ. ಮಳೆ ಹೊಯ್ದ ಮರುದಿನವೇ ಹೋಗಬೇಕೆಂದು ಹಟ ಹಿಡಿದಿದ್ದರು.

ನಾಣ್ಯ ಹಿಡಿದು ಹಾಲ್‌ನ ಒಂದು ಮೂಲೆಯಿಂದ ಕೂತುಕೊಂಡೇ ಸರಿಯುತ್ತಾ ಹೋದರು. ಪ್ರತಿ ಟೈಲ್‌ಗೆ ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು ಬಡಿತ. ಟಕ್ ಟಕ್ ಟಕ್. ಕಿಟಕಿ ಪಕ್ಕದಲ್ಲಿ ಒಂದು ಕಡೆ ಸದ್ದು ಬದಲಾಯಿತು, ಡಬ್ ಅಂತು. "ಇಲ್ಲಿ ಗಾರೆ ತುಂಬಿಲ್ಲ. ಭಾರ ಇಟ್ರೆ ಒಡೆಯುತ್ತೆ." ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ಅಡುಗೆಮನೆಗೆ ಬರುವಷ್ಟರಲ್ಲಿ ನೆಲದ ತುಂಬಾ ಗುರುತು. ಬಿಲ್ಡರ್ ಕಡೆಯ ಸೂಪರ್‌ವೈಸರ್ ಹುಡುಗ ಮೊದಲು ನಗುತ್ತಿದ್ದವನು ಆಮೇಲೆ ತಾನೇ ಬಗ್ಗಿ ಕೇಳತೊಡಗಿದ.

ಬಚ್ಚಲುಮನೆಯಲ್ಲಿ ಗೋಲಿ ಬಿಟ್ಟರು. ಅದು ನೀರು ಹೋಗುವ ಜಾಲರಿ ಕಡೆ ಹೋಗುವ ಬದಲು ಬಾಗಿಲಿನ ಕಡೆ ಹೊರಟಿತು. "ನೋಡ್ದೆಯಾ ಮಗಳೇ, ಸ್ನಾನ ಮಾಡಿದ್ರೆ ನೀರೆಲ್ಲ ರೂಮಿಗೆ." ಬಕೆಟ್ ನೀರು ಸುರಿದು ಅದನ್ನೇ ತೋರಿಸಿದರು. ನಂತರ ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ಒತ್ತಡ ನೋಡಿದರು. ಪ್ರತಿ ಪ್ಲಗ್‌ಗೂ ಫೋನ್ ಚಾರ್ಜರ್ ಸಿಕ್ಕಿಸಿ ನೋಡುವ ಕೆಲಸ ಮಗಳದ್ದು, ಅವಳಿಗೆ ಅದು ಆಟ. ಮಾಸ್ಟರ್ ಬೆಡ್‌ರೂಮಿನ ಕಿಟಕಿ ಕೆಳಗೆ ಗೋಡೆಗೆ ಅಂಗೈ ಇಟ್ಟು ತುಂಬಾ ಹೊತ್ತು ನಿಂತರು. ಬಣ್ಣ ಸರಿಯಾಗೇ ಇದೆ, ಕಣ್ಣಿಗೆ ಏನೂ ಕಾಣುವುದಿಲ್ಲ. "ತಂಪಿದೆ" ಎಂದರು. ಹೊರಗಡೆ ಕಿಟಕಿಯ ಚೌಕಟ್ಟಿನ ಸುತ್ತ ಸೀಲಂಟ್ ಹಾಕಿರಲಿಲ್ಲ.

ಎಲ್ಲವನ್ನೂ ಫೋಟೋ ಸಮೇತ ಪಟ್ಟಿ ಮಾಡಿ ಇಮೇಲ್ ಹಾಕಿದೆವು. "ನೀವು ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ, ಆಮೇಲೆ ಮಾಡಿಕೊಡ್ತೀವಿ" ಎಂದರು. ಮೊದಲು ರಿಪೇರಿ, ಆಮೇಲೆ ರಿಜಿಸ್ಟ್ರೇಷನ್ ಎಂದು ನಾವೂ ಕೂತೆವು. ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಮಾಡಿಕೊಡಬೇಕು ಎಂಬ ಕಾನೂನು ಇದೆ. ಆದರೂ ಪೂರ್ತಿ ದುಡ್ಡು ಕೊಟ್ಟಾದ ಮೇಲೆ ಕೇಳುವುದಕ್ಕೂ ಕೊಡುವ ಮುಂಚೆ ಕೇಳುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಬಚ್ಚಲಿನ ನೆಲ ಕಿತ್ತು ಹೊಸದಾಗಿ ಹಾಕಿದರು.

ಇಷ್ಟರಲ್ಲಿ ಬ್ಯಾಂಕಿನ ಕೆಲಸ. 70 ಲಕ್ಷ ಸಾಲ, 20 ವರ್ಷ, 7.5% ಬಡ್ಡಿ, ತಿಂಗಳಿಗೆ 56 ಸಾವಿರದ ಮೇಲೆ ಕಂತು. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ: ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಕ್ಕೆ ಬ್ಯಾಂಕಿನ ಗೃಹಸಾಲ ಸಿಗುವುದಿಲ್ಲ, ಅದು ಪೂರ್ತಿ ನಮ್ಮ ಕೈಯಿಂದಲೇ. ಅಲ್ಲೇ ನಮಗೆ ಪೆಟ್ಟು ಬಿದ್ದಿದ್ದು. ಗಣೇಶನ ಹಬ್ಬ ಮುಗಿದ ಬೆನ್ನಿಗೇ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗುತ್ತದೆ ಎಂಬ ಸುದ್ದಿ ಬಂತು. ನಮ್ಮ ಸಾಲ ಇನ್ನೂ ಮಂಜೂರಾಗಿರಲಿಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6%. ಈಗ ಒಟ್ಟು 7.6%. ನಮಗೆ 7 ಲಕ್ಷದ 44 ಸಾವಿರ ಚಿಲ್ಲರೆ ಆಯಿತು. ಒಂದು ವಾರದ ಅಂತರದಲ್ಲಿ 98 ಸಾವಿರ ಜಾಸ್ತಿ. ಅತ್ತೆ ಅಂತೂ ತಪ್ಪೆಲ್ಲ ಆಷಾಢದ ಮೇಲೇ ಹಾಕಿದರು.

ಅವಸರ ಬಿದ್ದರೂ ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಈಗ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ, ನಮ್ಮ ಫ್ಲ್ಯಾಟ್‌ನ ಇ-ಖಾತಾ ಬಿಲ್ಡರ್ ಕೈಗೆ ಬಂದದ್ದೇ ಸೆಪ್ಟೆಂಬರ್‌ನಲ್ಲಿ. ಆಮೇಲೆ ಪಿತೃಪಕ್ಷ. ನವರಾತ್ರಿಯಲ್ಲಿ ಮುಹೂರ್ತ ಇಟ್ಟೆವು.

ನೋಂದಣಿ ಈಗ ಹಿಂದಿನ ಹಾಗೆ ದಿನಗಟ್ಟಲೆ ಕಾಯುವ ಕೆಲಸವಲ್ಲ. ಕಾವೇರಿ 2.0 ತಂತ್ರಾಂಶದಲ್ಲಿ ಕ್ರಯಪತ್ರದ ಕರಡು ಹಾಕಬೇಕು, ಉಪನೋಂದಣಾಧಿಕಾರಿ ಅದನ್ನು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಾದರೂ ಸರಿ. ನಾವು ಹೋದ ಕಡೆ ಫೋಟೋ, ಹೆಬ್ಬೆಟ್ಟು ಹತ್ತೇ ನಿಮಿಷದಲ್ಲಿ ಮುಗಿಯಿತು. ಕಾದದ್ದು ಬಿಲ್ಡರ್ ಪರವಾಗಿ ಸಹಿ ಹಾಕುವವರಿಗೆ. ಅವರು ರಾಹುಕಾಲಕ್ಕೆ ಸ್ವಲ್ಪ ಮುಂಚೆ, ಕಂಕುಳಲ್ಲಿ ನಾಲ್ಕೈದು ಜನರ ಕ್ರಯಪತ್ರ ಇಟ್ಟುಕೊಂಡು ಓಡಿ ಬಂದರು.

ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ವಿಷಯ ನನ್ನ ಕಸುಬಿನದು, ಆದ್ದರಿಂದ ಹೇಳದೆ ಬಿಡಲಾರೆ. ಆಸ್ತಿಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಕೊಳ್ಳುವವರೇ 1% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಾವು 2025ರಲ್ಲಿ ತುಂಬಿದ್ದು 26ಕ್ಯೂಬಿ ಫಾರ್ಮ್, ಹಿಡಿದ ತಿಂಗಳು ಮುಗಿದು 30 ದಿನದೊಳಗೆ. ಮನೆ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಬೇರೆ ಬೇರೆ ಫಾರ್ಮ್ ತುಂಬಬೇಕು. ಬಿಲ್ಡರ್‌ಗೆ ಪೂರ್ತಿ ದುಡ್ಡು ಕೊಟ್ಟುಬಿಟ್ಟು ಆಮೇಲೆ 1% ಕೈಯಿಂದ ಕಟ್ಟಿದವರನ್ನು ನಾನು ಆಫೀಸಿನಲ್ಲೇ ನೋಡಿದ್ದೇನೆ.

ಗೃಹಪ್ರವೇಶ ಕಾರ್ತಿಕದಲ್ಲಿ ಆಯಿತು. ಹಸುವನ್ನು ಲಿಫ್ಟ್‌ನಲ್ಲಿ ಹತ್ತಿಸುವುದು ಬೇಡವೆಂದರು, ಗೇಟಿನ ಹತ್ತಿರವೇ ಪೂಜೆ ಮಾಡಿದೆವು. ಹಾಲು ಉಕ್ಕಿಸಿದ್ದು ಮಾತ್ರ ನಮ್ಮ ಒಲೆಯಲ್ಲೇ.

ಈಗ ನಡೆಯುತ್ತಿರುವುದು ಅಸೋಸಿಯೇಷನ್ ಜಗಳ. ಬಿಲ್ಡರ್ ಎಲ್ಲವನ್ನೂ ನಿವಾಸಿಗಳ ಕೈಗೊಪ್ಪಿಸಿ ಹೊರಡುವ ಆತುರದಲ್ಲಿದ್ದಾರೆ. ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ಒಂದು ಮೋಟಾರು ನಾವು ಬಂದ ದಿನದಿಂದ ನಿಂತಿದೆ, ಸಂಜೆ ಹೊತ್ತು ಹಿಂದಿನ ಬ್ಲಾಕ್‌ನವರು ಕಿಟಕಿ ತೆರೆಯುವಂತಿಲ್ಲ. ಸಂಘವನ್ನು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಮಾಡುವುದೋ, ಸಹಕಾರ ಸಂಘ ಮಾಡುವುದೋ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ಪಕ್ಷಗಳಾಗಿವೆ. ಇದರ ಮಧ್ಯೆ ತೆರೆದ ಪಾರ್ಕಿಂಗ್ ಜಾಗವನ್ನು ಒಬ್ಬರಿಗೆ ದುಡ್ಡಿಗೆ ಕೊಟ್ಟಿದ್ದಾರೆಂದು ಗೊತ್ತಾಗಿದೆ. ಅದು ಎಲ್ಲರಿಗೂ ಸೇರಿದ ಜಾಗ, ಮಾರುವ ಹಾಗೇ ಇಲ್ಲ. ಎಸ್‌ಟಿಪಿ ಸರಿಯಾಗುವ ತನಕ ಹಸ್ತಾಂತರದ ಕಾಗದಕ್ಕೆ ಯಾರೂ ಸಹಿ ಹಾಕಬಾರದೆಂದು ತೀರ್ಮಾನವಾಗಿದೆ. ಭಾನುವಾರ ಬಿಲ್ಡರ್ ಕಡೆಯವರು ಬರುತ್ತಾರಂತೆ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದ್ದೇನೆ, ಎಸ್‌ಟಿಪಿ ನೋಡಲು ಅವರೂ ಬರುತ್ತಿದ್ದಾರೆ.